ತುಳಿದವರ ಸಹಿ

ನಮ್ಮೂರಿಗೆ ಮೊದಲು ಬಸ್ಸು ಬಂತು, ಆಮೇಲೆ ಕರೆಂಟು ಬಂತು, ಕಡೆಗೆ 'ಡೌನ್‌ಟ್ರಾಡನ್' ಎಂಬ ಶಬ್ದ ಬಂತು. ಬಸ್ಸು ಆಗಾಗ ಕೆಟ್ಟು ನಿಲ್ಲುತ್ತದೆ, ಕರೆಂಟು ದಿನಕ್ಕೆರಡು ಸಲ ಹೋಗುತ್ತದೆ. ಶಬ್ದ ಮಾತ್ರ ಬಂದದ್ದು ಹೋಗಲೇ ಇಲ್ಲ.

ಅದು ಬಂದದ್ದು ಎಂಬತ್ತಾರನೆಯ ಇಸವಿಯ ದೀಪಾವಳಿ ಮುಗಿದ ವಾರ. ಕಡಲೆ ಬಿತ್ತಿ ಆಗಿತ್ತು, ಹತ್ತಿ ಬಿಡಿಸುವುದಕ್ಕೆ ಇನ್ನೂ ದಿನಗಳಿದ್ದವು. ನಮ್ಮ ನವಲಗುಂದ ಸೀಮೆಯ ಗಂಡಸರ ಕೈಗೆ ಕೆಲಸ ತಪ್ಪಿ ತಲೆಗೆ ಕೆಲಸ ಸಿಗುವುದು ಇದೇ ಹೊತ್ತಿನಲ್ಲಿ. ಹಾಗಾಗಿ ತಾಲೂಕಿನ ಸಾಹೇಬರು ಜೀಪಿನಲ್ಲಿ ಬಂದು ಚಾವಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡಾಗ ಕೇಳುವವರಿಗೆ ಬರವಿರಲಿಲ್ಲ.

"ಸರಕಾರ ಡೌನ್‌ಟ್ರಾಡನ್ ಜನರ ಪರವಾಗಿದೆ" ಎಂದರು ಸಾಹೇಬರು. "ಡೌನ್‌ಟ್ರಾಡನ್ ಜನರ ಏಳಿಗೆಗಾಗಿ ಊರಿಗೊಂದು ಎಮ್ಮೆಯನ್ನು ಪುಕ್ಕಟೆಯಾಗಿ ಕೊಡಲಿದೆ. ಮುರ್ರಾ ಜಾತಿಯದು, ಹೊತ್ತಿಗೆ ಐದು ಲೀಟರ್ ಹಾಲು. ಊರಿನಲ್ಲಿ ಎಲ್ಲರಿಗಿಂತ ಡೌನ್‌ಟ್ರಾಡನ್ ಆದವರು ಅರ್ಜಿ ಬರೆದಿಡಿ. ಮೂರು ವಾರ ಬಿಟ್ಟು ಬಂದು ವಿಚಾರಣೆ ಮಾಡುತ್ತೇನೆ."

ಕಾಲು ತಾಸಿನಲ್ಲಿ ಆ ಶಬ್ದವನ್ನು ಅವರು ಹದಿನಾಲ್ಕು ಸಲ ಅಂದರು, ನಾನೇ ಬೆರಳು ಮಡಚಿ ಎಣಿಸಿದ್ದೇನೆ. ಹದಿನಾಲ್ಕೂ ಸಲ ನಾವು ತಲೆಯಾಡಿಸಿದೆವು. ಅರ್ಥ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಜೀಪಿನ ಧೂಳು ಇಳಿಯುವುದರೊಳಗೆ ಊರೆಲ್ಲ ಅದೇ ಕಟ್ಟೆಯ ಮೇಲೆ ಶಿದ್ಲಿಂಗಪ್ಪ ಮಾಸ್ತರರ ಸುತ್ತ ಕೂಡಿತ್ತು.

ಮಾಸ್ತರರು ಸಾಲಿಯಿಂದ ನಿವೃತ್ತರಾದ ಮೇಲೆ ಊರಿನ ಕಾಗದಪತ್ರ ಬರೆದುಕೊಂಡಿದ್ದವರು. ಖರೀದಿ ಪತ್ರ, ಆಸ್ತಿ ಹಂಚುವ ವಾಟ್ನಿ ಪತ್ರ, ಹೊಲ ಗೇಣಿಗೆ ಕೊಡುವ ಲಾವಣಿ ಪತ್ರ, ಎಲ್ಲವೂ ಅವರ ಅಕ್ಷರದಲ್ಲೇ ಆಗಬೇಕು. ಅವರ ಮನೆಯಲ್ಲಿ ಒಂದು ಇಂಗ್ಲಿಷ್ ಡಿಕ್ಷನರಿ ಇತ್ತು. ಅದನ್ನು ತರಿಸಿ, ಹಣೆಗೆ ಒತ್ತಿಕೊಂಡು ತೆರೆದರು.

"ಡೌನ್ ಅಂದ್ರ ಕೆಳಗ. ಟ್ರಾಡನ್ ಅಂದ್ರ ತುಳದದ್ದು. ಕೂಡಿಸಿದ್ರ ಕಾಲಾಗ ಹಾಕಿ ತುಳದದ್ದು. ಇಂಗ್ಲಂಡದಾಗ ಮೊದಲ ಇದನ್ನ ಹುಲ್ಲಿಗೆ ಅಂತಿದ್ರು. ಆಮ್ಯಾಲ ಮನಶ್ಯಾರಿಗೆ ಅನ್ನಾಕ ಹತ್ತಿದ್ರು."

"ಹುಲ್ಲು ಬಿಟ್ಟು ಮನಶ್ಯಾರಿಗೆ ಯಾಕ ಬಂದ್ರಿ ಮಾಸ್ತರ?" ಎಂದು ನಾನು ಕೇಳಿದೆ.

"ಹುಲ್ಲು ಸಾಲಲಿಲ್ಲ."

"ಮತ್ತ ಇದರ ಬಳಕಿ ಹೆಂಗ್ರಿ?"

"ಬಳಕಿ ಬಾಳ ನಾಜೂಕು. ಕಟ್ಟಿ ಮ್ಯಾಲ ಕುಂತವ್ರು ಕೆಳಗ ನಿಂತವ್ರ ಬಗ್ಗೆ ಮಾತಾಡುಮುಂದ ಈ ಶಬ್ದ ಬಳಸ್ತಾರ. ಕೆಳಗ ನಿಂತವ್ರು ತಾವಾಗಿ ಬಳಸಿದ್ದು ಈ ಪುಸ್ತಕದಾಗ ಎಲ್ಲೂ ಕಾಣವಲ್ದು."

ಇಷ್ಟು ಸ್ಪಷ್ಟವಾಗಿ ಕೇಳಿದ ಮೇಲೂ ನಾವು ಯಾರೂ ಕಟ್ಟೆ ಬಿಟ್ಟು ಇಳಿಯಲಿಲ್ಲ. ಕುಳಿತಲ್ಲೇ ಕುಳಿತು, ಹೌದಲ್ಲ, ನಾವೇ ಡೌನ್‌ಟ್ರಾಡನ್ ಅಂದುಕೊಂಡೆವು. ಎಮ್ಮೆ ನಮ್ಮೆಲ್ಲರ ಕಣ್ಣಮುಂದೆ ಮೆಲುಕು ಹಾಕುತ್ತಿತ್ತು.

ಅರ್ಜಿ ಹೇಗೆ ಬರೆಯುವುದೆಂಬ ಪ್ರಶ್ನೆ ಬಂದಾಗ ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಮುಂದಿನ ಅನಾಹುತಕ್ಕೆಲ್ಲ ಅವರು ಆಗ ಆಡಿದ ಮಾತೇ ಮೂಲ.

"ತುಳಸ್ಕೊಂಡಾಂವ ಒಬ್ಬಾಂವ ಇದ್ರ ತುಳದಾಂವ ಒಬ್ಬಾಂವ ಇರಬೇಕಲ್ಲ? ಖರೀದಿ ಪತ್ರಕ್ಕ ಕೊಟ್ಟಾಂವ, ಕೊಂಡಾಂವ ಇಬ್ಬರದೂ ಸಹಿ ಬೇಕು. ವಾಟ್ನಿಗೆ ಅಣ್ಣತಮ್ಮರ ಸಹಿ ಬೇಕು. ಒಂದ ಕಡಿ ಸಹಿ ಇದ್ದದ್ದು ಕಾಗದ ಅಲ್ಲೋ, ಬರೇ ಹಾಳಿ. ತುಳದವ್ರ ಒಪ್ಪಿಗಿ ಸಹಿ ತರ್ರಿ, ಇಬ್ಬರ ಸಾಕ್ಷಿ ಹಾಕಸ್ರಿ. ಆಗ ಅದು ಕಾಯಮ್ಮು."

ಸಾಹೇಬರು ಇಂಥ ಮಾತು ಆಡಿರಲಿಲ್ಲ. ಆದರೆ ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುವವರ ಮಾತಿಗಿಂತ ಊರಲ್ಲೇ ಇರುವ ಮಾಸ್ತರರ ಮಾತು ನಮಗೆ ಹೆಚ್ಚು.

ಈ ಎಲ್ಲದರಲ್ಲಿ ಕಣ್ಣಲ್ಲಿ ನೀರು ತಂದುಕೊಂಡವನು ಹೊಳೆಪ್ಪ ಒಬ್ಬನೇ. ಹೊಳೆಪ್ಪನಿಗೆ ಇಪ್ಪತ್ತೆರಡು ಎಕರೆ ಎರೆ ಹೊಲ, ಎರಡು ಜೋಡಿ ಎತ್ತು, ಹಗೇವಿನ ತುಂಬ ಜೋಳ. ಇಷ್ಟಿದ್ದೂ ಲೋಕವೆಲ್ಲ ತನ್ನನ್ನು ತುಳಿಯುತ್ತಿದೆ ಎಂಬ ದುಃಖ ಅವನಿಗೆ ಹುಟ್ಟಿನಿಂದಲೇ ಇತ್ತು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೆ ಅಣ್ಣಿಗೇರಿಯ ತನಕ ನಿಟ್ಟುಸಿರು ಬಿಡುತ್ತಿದ್ದ. ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಕೂಡಿಸಿದರೆ ಆ ಮನೆಯವರ ಜೊತೆ ವರ್ಷಗಟ್ಟಲೆ ಮಾತು ಬಿಡುತ್ತಿದ್ದ.

"ಮಾಸ್ತರ, ನನ್ನ ಸಂಕಟಕ್ಕ ಒಂದ ಹೆಸರ ಇತ್ತಲ್ರಿ! ಇಷ್ಟು ದಿನಾ ಯಾರೂ ಹೇಳಲಿಲ್ಲಲ್ರಿ!" ಎಂದ.

ಮೇಲಾಗಿ ಅವನ ಎಮ್ಮೆ ಮುಂಗಾರಿಗೆ ಮುಂಚೆಯೇ ಸತ್ತಿತ್ತು. ಹೆಂಡತಿ ರೇವವ್ವ ಬಂದವರಿಗೆಲ್ಲ ಹಾಲಿಲ್ಲದ ಕರೀ ಚಹಾ ಕೊಟ್ಟು, ಕೊಟ್ಟಾಗೊಮ್ಮೆ ಗಂಡನ ಮುಖ ನೋಡುತ್ತಿದ್ದಳು. ಸರಕಾರದ ಎಮ್ಮೆ ಬಂದರೆ ಹಾಲೂ ಆಯಿತು, ತನ್ನ ದುಃಖಕ್ಕೆ ಸರಕಾರದ ಮೊಹರೂ ಬಿತ್ತು ಎಂದು ಹೊಳೆಪ್ಪ ಲೆಕ್ಕ ಹಾಕಿದ.

ಮಾಸ್ತರರು ಬರೆದುಕೊಟ್ಟ ಪತ್ರದ ಒಕ್ಕಣೆ ಹೀಗಿತ್ತು: "ಕಾರಣ ಬರೆದುಕೊಟ್ಟ ತುಳಿತಪತ್ರ. ಸದರಿ ಹೊಳೆಪ್ಪನನ್ನು ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಸುಮಾರು ವರ್ಷಗಳಿಂದ ತುಳಿದು ಅನುಭವಿಸಿಕೊಂಡು ಬಂದಿರುತ್ತೇನೆ. ಈ ಬಗ್ಗೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ." ಕೆಳಗೆ ತುಳಿದವರ ಸಹಿಗೆ ಜಾಗ ಖಾಲಿ.

ಆ ಜಾಗ ತುಂಬಿಸಲು ಹೊಳೆಪ್ಪ ಮೊದಲು ಹೋದದ್ದು ಈರಪ್ಪಗೌಡರ ವಾಡೆಗೆ. ತುಳಿಸಿಕೊಳ್ಳುವುದಾದರೆ ದೊಡ್ಡವರ ಕಾಲಲ್ಲೇ ತುಳಿಸಿಕೊಳ್ಳಬೇಕೆಂಬುದು ಅವನ ಹಟ. ಹಿಂದೆ ಅವನ ಆಳು ಹುಲಿಗೆಪ್ಪ ಶಾಯಿಪ್ಯಾಡು ಹಿಡಿದು ಬಂದಿದ್ದ. ಹುಲಿಗೆಪ್ಪ ವರ್ಷದ ಕರಾರಿನ ಮೇಲೆ ಯುಗಾದಿಯಿಂದ ಯುಗಾದಿಗೆ ಹೊಳೆಪ್ಪನ ಮನೆಯಲ್ಲಿ ದುಡಿಯುವವನು, ಅವನಪ್ಪ ಹೊಳೆಪ್ಪನ ಅಪ್ಪನ ಮನೆಯಲ್ಲಿ ದುಡಿದಿದ್ದ. ರೂಢಿಯಂತೆ ಅವನು ಹೊಸ್ತಿಲ ಹೊರಗೆ ನಿಂತ.

"ಗೌಡ್ರ, ನನ್ನ ತುಳದೇನಿ ಅಂತ ಒಂದ ಸಹಿ ಹಾಕ್ರಿ" ಎಂದ ಹೊಳೆಪ್ಪ.

ಗೌಡರು ಪತ್ರವನ್ನು ಎರಡು ಸಲ ಓದಿದರು. ಮೀಸೆ ಅದುರಿತು. "ಏನೋ ಹೊಳೆಪ್ಪಾ, ನಮ್ಮ ಅಜ್ಜ ಏಳ ಹಳ್ಳಿ ತುಳದಾಂವ. ಅವನ ಮೊಮ್ಮಗ ಆಗಿ ನಾ ನಿನ್ನೊಬ್ಬನ್ನ ತುಳದೇನಿ ಅಂತ ಬರಕೊಟ್ರ ಮಂದಿ ಏನಂದಾರು? ಗೌಡಕಿ ಇಷ್ಟಕ್ಕ ಬಂತೇನು ಅನ್ನೂದಿಲ್ಲ?"

"ಹಂಗಾದ್ರ ಇನ್ನೊಂದ ಹತ್ತ ಮಂದೀನ ಕೂಡಿಸಿ ಬರಸಲ್ರಿ?"

ಗೌಡರಿಗೆ ಆಸೆಯಾಯಿತು. ಪೆನ್ನಿನ ಟೋಪಿಯನ್ನೂ ತೆಗೆದರು. ಅಷ್ಟರಲ್ಲಿ ಏನೋ ನೆನಪಾಗಿ ಮತ್ತೆ ಹಾಕಿದರು. "ಜನವರಿಗೆ ಮಂಡಲ ಪಂಚಾಯ್ತಿ ಚುನಾವಣಿ ಐತಿ. ನಾ ನಿಂತೇನಿ. ಅಲ್ಲೀತನಕ ನಾ ಯಾರನ್ನೂ ತುಳಿಯಾಂಗಿಲ್ಲ. ಆರಿಸಿ ಬಂದಮ್ಯಾಲ ಬಾ, ನೋಡೂಣು."

ವಾಡೆಯಿಂದ ಇಳಿಯುವಾಗ ಹುಲಿಗೆಪ್ಪ ಮೆಲ್ಲಗೆ ಬಾಯಿಬಿಟ್ಟ. "ಧಣ್ಯಾರ, ನಂದೂ ಒಂದ ಕಾಗದ ಮಾಸ್ತರ ಬರದಾರ್ರಿ. ಹೇಣ್ತಿ ಸಾವಕ್ಕ ಬಾಳ ಆಸೆ ಮಾಡ್ಯಾಳ್ರಿ, ಎಮ್ಮಿ ಬಂದ್ರ ಹಾಲ ಹಾಕಿ..."

"ತಡಿಯೋ ಮಾರಾಯಾ. ಮೊದಲ ನಂದು ಮುಗೀಲಿ" ಎಂದ ಹೊಳೆಪ್ಪ.

ಎರಡನೆಯ ಬಾಗಿಲು ಹನಮಂತಪ್ಪನದು. ಹೊಳೆಪ್ಪನ ಹೊಲಕ್ಕೂ ಅವನ ಹೊಲಕ್ಕೂ ನಡುವಿನ ಬದುವಿನ ಜಗಳ ಹನ್ನೊಂದು ವರ್ಷದ್ದು. ತುಳಿದವನ ಹೆಸರು ಬೇಕಾಗಿದೆ ಎಂದು ಕೇಳಿದ ಕೂಡಲೇ ಹನಮಂತಪ್ಪನ ಮುಖ ಅರಳಿತು.

"ತುಳದೇನಿ, ಹೌದು. ಊರಿಗೇ ಗೊತ್ತೈತಿ. ತಾ ಇಲ್ಲೆ" ಎಂದು ಪತ್ರ ಇಸಿದುಕೊಂಡ. ಸಹಿಯ ಮೊದಲ ಅಕ್ಷರ ಅರ್ಧ ಆಗಿತ್ತು. ಕೈ ನಿಂತಿತು. "ಲೇ ಹೊಳೆಪ್ಪಾ, ಇದನ್ನ ನೀ ನವಲಗುಂದ ಕೋರ್ಟಿಗೆ ಒಯ್ದು, ನೋಡ್ರಿ ಇಂವಾ ಬದು ಒತ್ತಿದ್ದು ಒಪ್ಯಾನ ಅಂತೀ. ಹೌದಿಲ್ಲೋ? ಖರೇ ಹೇಳಬೇಕಂದ್ರ ನೀನ ನನ್ನ ತುಳದೀ. ನಂಗ ನೀ ಸಹಿ ಕೊಡು."

"ನಾ ನಿನ್ನ ತುಳದೇನಾ? ನಾ ಕೆಳಗ ಅದೇನಲೇ!"

"ನಿನಕಿಂತಾ ನಾ ಕೆಳಗಲೇ!"

"ಎಷ್ಟು ಕೆಳಗ ಹೇಳು! ನಾ ಇನ್ನೂ ಕೆಳಗ ಹೊಕ್ಕೇನಿ!"

ನಾನು ನನ್ನ ಜನ್ಮದಲ್ಲಿ ಬೇಕಾದಷ್ಟು ಜಗಳ ನೋಡಿದ್ದೇನೆ. ನಾನು ಮೇಲೆ, ನೀನು ಕೆಳಗೆ ಎಂದು ತಲೆ ಒಡೆದುಕೊಂಡವರನ್ನು ಬಿಡಿಸಿದ್ದೇನೆ. ನಾನು ಕೆಳಗೆ ಎಂದು ಇನ್ನೊಬ್ಬನ ಎದೆಯ ಮೇಲೆ ಕೂತದ್ದನ್ನು ಮಾತ್ರ ಅವತ್ತೇ ನೋಡಿದೆ. ಇಬ್ಬರನ್ನೂ ಎಬ್ಬಿಸಿ ಧೂಳು ಝಾಡಿಸಿದ್ದು ಹುಲಿಗೆಪ್ಪ.

ಹೊಳೆಪ್ಪ ಹೀಗೆ ಅಲೆಯುತ್ತಿರುವಾಗ ಉಳಿದ ಊರು ಬೇರೆಯೇ ದಾರಿ ಕಂಡುಕೊಂಡಿತು. ಬಿತ್ತನೆಗೆ, ಕಳೆಗೆ ಮುಯ್ಯಾಳು ಹೋಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ತುಳಿಯುವುದನ್ನೂ ಹಾಗೆ ಮುಯ್ಯಿಯ ಮೇಲೆ ಯಾಕೆ ಮಾಡಬಾರದು ಎಂದು ಯಾರಿಗೋ ಹೊಳೆಯಿತು. ನೀನು ನನ್ನನ್ನು ತುಳಿದದ್ದಕ್ಕೆ ಸಹಿ ಹಾಕು, ನಾನು ನಿನ್ನನ್ನು ತುಳಿದದ್ದಕ್ಕೆ ಹಾಕುತ್ತೇನೆ. ಅಣ್ಣ ತಮ್ಮನನ್ನು ತುಳಿದ, ತಮ್ಮ ಅಣ್ಣನನ್ನು ತುಳಿದ. ಬೀಗರು ಬೀಗರನ್ನು ತುಳಿದರು. ನಾನೂ ನಮ್ಮ ಕಾಕಾನೂ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಅರ್ಧ ತಾಸಿನಲ್ಲಿ ತುಳಿದು ಮುಗಿಸಿದೆವು. ಹೊಳೆಪ್ಪನಿಗೆ ಇದು ಗೊತ್ತಾಗುವ ಹೊತ್ತಿಗೆ ಊರಿನ ಜೋಡಿಗಳೆಲ್ಲ ಮುಗಿದು, ಮಿಕ್ಕವನು ಹನಮಂತಪ್ಪ ಒಬ್ಬನೇ. ಅವರಿಬ್ಬರಿಗೂ ಮಾತಿರಲಿಲ್ಲ.

ಹೊಳೆಪ್ಪ ಜಗಲಿಯ ಮೇಲೆ ತಲೆಗೆ ಕೈಹೊತ್ತು ಕುಳಿತ. ರೇವವ್ವ ಒಳಗಿಂದ ಬಂದಳು.

"ಊರೆಲ್ಲಾ ಯಾಕ ತಿರಗತೀರಿ? ಮನಿಯಾಗ ನಾ ಇಲ್ಲೇನು? ನನ್ನ ಹೆಸರ ಬರಸ್ರಿ."

"ನೀ ಯಾವಾಗ ನನ್ನ ತುಳದೀ?"

"ಎಮ್ಮಿ ಬರೂದಿದ್ರ ಇವತ್ತಿಂದನ ಚಾಲೂ ಮಾಡ್ತೇನಿ."

ಹೊಳೆಪ್ಪನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಮಾಸ್ತರರು ಹೊಸ ಪತ್ರ ಬರೆದರು: ತುಳಿದವರು, ರೇವವ್ವ ಕೋಂ ಹೊಳೆಪ್ಪ. ಮರುದಿನ ಬೆಳಿಗ್ಗೆ ಇಬ್ಬರು ಸಾಕ್ಷಿಗಳನ್ನು ಕೂಡಿಸಿ ರೇವವ್ವ ಇನ್ನೇನು ಸಹಿ ಮಾಡಬೇಕು, ಅಣ್ಣಿಗೇರಿಯ ಬಸ್ಸು ನಿಂತಿತು. ಅದರಿಂದ ಅವಳ ತಮ್ಮ ಮಡಿವಾಳೆಪ್ಪ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಇಳಿದ. ನಮ್ಮ ಕಡೆ ಸುದ್ದಿ ಬಸ್ಸಿಗೂ ಕಾಯುವುದಿಲ್ಲ.

"ಮಾವಾರ, ನಮ್ಮಕ್ಕ ನಿಮ್ಮನ್ನ ತುಳೀತಾಳಂತ ಕಾಗದ ಮಾಡಸಾಕತ್ತೀರಂತಲ್ಲ? ನಮ್ಮ ಮನಿಯಾಗ ಇನ್ನೂ ಎರಡ ಹೆಣ್ಮಕ್ಕಳು ಲಗ್ನಕ್ಕ ಬಂದಾರ. ಈ ಮನೆತನದ ಹುಡಿಗ್ಯಾರು ಗಂಡನ್ನ ತುಳೀತಾರಂತ ಸರಕಾರಿ ದಾಖಲಾ ಆದ್ರ ಯಾರ ಬಂದು ಮಾಡ್ಕೋತಾರು?"

"ಎಮ್ಮಿ ಬರತೈತೋ ತಮ್ಮಾ" ಎಂದಳು ರೇವವ್ವ.

"ಒಂದ ಎಮ್ಮಿ ಸಂಬಂಧ ಮನೆತನದ ಮಾನ ಕಳೀತೀರೇನು?" ಎಂದು ಮಡಿವಾಳೆಪ್ಪ ಪತ್ರವನ್ನು ನಾಲ್ಕು ಚೂರು ಮಾಡಿದ. ಜೊತೆಯ ಹಿರಿಯರು ಚೂರುಗಳನ್ನು ಎಣಿಸಿ ಒಲೆಗೆ ಹಾಕಿಸಿದರು. ಆಮೇಲೆ ಎಲ್ಲರೂ ರೊಟ್ಟಿ ಊಟ ಮಾಡಿ, ಚಹಾ ಕುಡಿದು ಎದ್ದರು. ಹೊರಡುವಾಗ ಮಡಿವಾಳೆಪ್ಪ, "ಅಕ್ಕಾ, ಚಾದಾಗ ಹಾಲ ಇಲ್ಲಲ್ಲಬೇ" ಅಂದ.

ವಿಚಾರಣೆಯ ದಿನ ಬಂತು. ಹೊಳೆಪ್ಪ ಮೊದಲು ಬರೆಸಿದ್ದ ಪತ್ರವನ್ನೇ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಸಹಿಯ ಜಾಗದಲ್ಲಿ ಹನಮಂತಪ್ಪನ ಅರ್ಧ ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ಕಟ್ಟೆಯ ಮೇಲೆ ನಾವು ಒತ್ತಾಗಿ ಕುಳಿತಿದ್ದೆವು. ಹುಲಿಗೆಪ್ಪ ಮತ್ತು ಅವನ ಹೆಂಡತಿ ಸಾವಕ್ಕ ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತಿದ್ದರು.

ಸಾಹೇಬರ ಮುಂದೆ ನಲವತ್ತೆರಡು ತುಳಿತಪತ್ರ ಬಿದ್ದವು. ಮೊದಲನೆಯದನ್ನು ಓದಿ ಕಣ್ಣುಜ್ಜಿಕೊಂಡರು. ಎರಡನೆಯದನ್ನು ಓದಿ ನೀರು ಕೇಳಿದರು.

"ಏನ್ರಿ ಇದು? ಖರೀದಿ ಪತ್ರ ಇದ್ದ ಹಾಗಿದೆ. ಅಪ್ಪಣ್ಣನನ್ನು ಬಸಪ್ಪ ತುಳಿದಿದ್ದಾನೆ. ಇಲ್ಲಿ ನೋಡಿದರೆ ಬಸಪ್ಪನನ್ನು ಅಪ್ಪಣ್ಣ ತುಳಿದಿದ್ದಾನೆ. ತುಳಿದವರ ಯಾದಿಯೂ ಒಂದೇ, ತುಳಿಸಿಕೊಂಡವರ ಯಾದಿಯೂ ಒಂದೇ!"

"ಎರಡೂ ಕಡಿ ಸಹಿ ಅದಾವ್ರಿ ಸಾಹೇಬ್ರ. ಒಂದೂ ಕಚ್ಚಾ ಕಾಗದ ಅಲ್ಲ" ಎಂದರು ಮಾಸ್ತರರು ಹೆಮ್ಮೆಯಿಂದ.

ಸಾಹೇಬರು ಆಕಡೆ ಈಕಡೆ ನೋಡಿದರು. "ಈ ಊರಿನಲ್ಲಿ ಅರ್ಜಿ ಕೊಡದವರು ಒಬ್ಬರಾದರೂ ಇದ್ದೀರಾ?" ಎಂದು ಕೇಳುವಾಗ ಅವರ ಕಣ್ಣು ಕಟ್ಟೆಯ ಕೆಳಗೆ ಹೋಯಿತು. "ಏನಪ್ಪ, ನೀನು ಯಾಕೆ ಕೊಟ್ಟಿಲ್ಲ?"

"ಕಾಗದ ಐತ್ರಿ" ಎಂದ ಹುಲಿಗೆಪ್ಪ. "ಮೊದಲನೇ ವಾರದಾಗನ ಮಾಸ್ತರ ಬರದ ಕೊಟ್ಟಾರ್ರಿ. ತುಳದವ್ರ ಸಹಿ ಒಂದ ಆಗಬೇಕಿತ್ರಿ."

"ಮತ್ತೆ ಮಾಡಿಸಿಕೊಳ್ಳಬೇಕಿತ್ತು."

"ಧಣ್ಯಾರಿಗೆ ಪುರುಸೊತ್ತ ಆಗಲಿಲ್ರಿ. ಅವ್ರು ತಮ್ಮನ್ನ ತುಳದವ್ರ ಸಹಿ ಸಂಬಂಧ ಮೂರ ವಾರ ತಿರಗಾಕತ್ತಿದ್ರು. ನಾನೂ ಹಿಂದನ ಇದ್ದೇನ್ರಿ, ಶಾಯಿಪ್ಯಾಡ ಹಿಡಕೊಂಡು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎತ್ತಿಗೆ ನೀರು ಕುಡಿಸಿಯಾಯಿತು ಎಂದು ಹೇಳುವಾಗ ಇರುತ್ತಿದ್ದ ದನಿಯೇ ಅದು. ಸಾಹೇಬರು ಅವನ ಕಾಗದ ಇಸಿದುಕೊಂಡು ಗಟ್ಟಿಯಾಗಿ ಓದಿದರು. "ಸದರಿ ಹುಲಿಗೆಪ್ಪನನ್ನೂ ಅವನ ತಂದೆಯನ್ನೂ ಕೂಡಿ ನಲವತ್ತು ವರ್ಷದಿಂದ ದುಡಿಸಿಕೊಂಡಿದ್ದು. ಅವನ ಚಹಾದ ಕಪ್ಪು ಬೇರೆ, ಅದನ್ನು ಇಡುವುದು ದನದ ಮನೆಯ ಕಿಟಕಿಯಲ್ಲಿ. ಹೋದ ಮಳೆಗಾಲ ಎಂಟು ದಿನ ಜ್ವರ ಬಂದಿದ್ದಕ್ಕೆ ಯುಗಾದಿ ಮುಗಿದ ಮೇಲೆ ಎಂಟು ದಿನ ಹೆಚ್ಚಿಗೆ ದುಡಿಯತಕ್ಕದ್ದು."

ಮಾಸ್ತರರು ತಲೆ ತಗ್ಗಿಸಿದರು. ಅಕ್ಷರ ಅವರದೇ ಇತ್ತು. ದಿನಕ್ಕೆ ಹತ್ತು ಪತ್ರ ಬರೆಯುವವರು, ಬರೆಯುವಾಗ ಏನು ಬರೆಯುತ್ತಿದ್ದೇನೆ ಎಂದು ಅವರು ನೋಡಿರಲಿಲ್ಲ. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು, ಯಾಕೆಂದರೆ ಸಾಹೇಬರ ಮುಂದಿನ ಆ ನಲವತ್ತೆರಡರಲ್ಲಿ ಒಂದು ನನ್ನದು.

"ಈ ಸಹಿ ಗಿಹಿ ಏನೂ ಬೇಕಾಗಿಲ್ಲ. ನಿನ್ನ ಹೆಬ್ಬೆಟ್ಟು ಒತ್ತು, ಎಮ್ಮೆ ನಿನ್ನದು" ಎಂದರು ಸಾಹೇಬರು.

"ಬೇಕ್ರಿ" ಎಂದಳು ಸಾವಕ್ಕ. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀವು ಈಗ ಜೀಪ ಹತ್ತಿ ಹೊಕ್ಕೀರಿ. ನಾಳೆ ಧಣ್ಯಾರು, ನಿಮಗ ಜಾಗಾ ಇಲ್ಲ, ಎಮ್ಮಿ ನಮ್ಮ ದನದ ಮನಿಯಾಗ ಕಟ್ರಿ, ಹಾಲ ಇಲ್ಲೇ ಇರ್ಲಿ ಅಂದ್ರ ನಾವ್ ಯಾರ ಮುಂದ ಹೇಳೂಣ್ರಿ? ಧಣ್ಯಾರ ಸಹಿ ಇರ್ಲಿ."

ಎಲ್ಲರ ಕಣ್ಣೂ ಹೊಳೆಪ್ಪನ ಮೇಲೆ ಬಿದ್ದವು.

"ನಾನಾ? ತುಳದಾಂವ ನಾನಾ? ಅವಗ ಜ್ವರ ಬಂದಾಗ ಗುಳಿಗಿ ತಂದ ಕೊಟ್ಟಾಂವ ಯಾರು ಕೇಳ್ರಿ! ಗೌಡ್ರ, ನೀವರ ಹೇಳ್ರಿ."

ಗೌಡರು ಮೋಡ ಏನಾದರೂ ಇದೆಯೋ ಎಂದು ಆಕಾಶ ನೋಡಿದರು. ಹುಲಿಗೆಪ್ಪನ ಓಣಿಯಲ್ಲಿ ನೂರಾರು ಮತಗಳಿದ್ದವು. ಹನಮಂತಪ್ಪ ಮಾತ್ರ ಎಲ್ಲ ಹಲ್ಲು ತೋರಿಸುತ್ತ, "ಹಾಕೋ ಹೊಳೆಪ್ಪಾ, ಸಾಕ್ಷಿ ನಾ ಹಾಕ್ತೇನಿ" ಎಂದು ಪೆನ್ನು ಮುಂದೆ ಹಿಡಿದ. ಹೆಂಗಸರ ಗುಂಪಿನಿಂದ ರೇವವ್ವನ ದನಿ ಬಂತು: "ಸಹಿ ಸಹಿ ಅಂತ ಮೂರ ವಾರ ತಿರಗೀರಿ. ಈಗ ಒಂದ ಸಿಕ್ಕೈತಿ, ಹಾಕಿ ಮನಿಗೆ ಬರ್ರಿ."

ಹೊಳೆಪ್ಪ ಸಹಿ ಹಾಕಿದ. ಹನಮಂತಪ್ಪ ಸಾಕ್ಷಿ ಹಾಕಿದ. ಹುಲಿಗೆಪ್ಪ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ ಕಾಗದಕ್ಕೆ ಒತ್ತಿದ. ಸಾಹೇಬರು ಮೊಹರು ಹೊಡೆದರು. ಸಾವಕ್ಕ ಕಾಗದವನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ, ಮೇಲಿಂದ ಕೆಳಗಿನ ತನಕ ನೋಡಿದಳು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಹೊಳೆಪ್ಪನಿಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಎದ್ದು ನಿಂತ.

"ಸಾಹೇಬ್ರ! ಎಮ್ಮಿ ಹೋತು. ಇಡೀ ಊರ ಮುಂದ ಮಾನ ಹೋತು. ಹನ್ನೊಂದ ವರ್ಷದ ವೈರಿ ನನ್ನ ಕಾಗದಕ್ಕ ಸಾಕ್ಷಿ ಹಾಕಿದಾ. ಈಗ ಹೇಳ್ರಿ, ಖರೇ ಡೌನ್‌ಟ್ರಾಡನ್ ಯಾರು? ಮೂರ ವಾರ ಹುಡುಕಿದ್ದು ಈಗ ಸಿಕ್ತು ನೋಡ್ರಿ. ನನ್ನ ತುಳದಾಂವ ಇಲ್ಲೇ ನಿಂತಾನ, ಈ ಹುಲಿಗೆಪ್ಪ!" ಎಂದು ಕಿಸೆಯಿಂದ ತನ್ನ ಪತ್ರ ಎಳೆದು ಸಾಹೇಬರ ಮೂಗಿಗೆ ಹಿಡಿದ.

ಸುಳ್ಳು ಯಾಕೆ ಹೇಳಲಿ, ಕಟ್ಟೆಯ ಮೇಲಿದ್ದ ಅರ್ಧ ಮಂದಿಗೆ ಈ ಮಾತು ಹೌದೆನಿಸಿತು. ಕೆಲವರು ತಲೆಯನ್ನೂ ಆಡಿಸಿದರು.

ಹುಲಿಗೆಪ್ಪ ಬಂದು ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಮೂರು ವಾರದಲ್ಲಿ ಒಂದು ಷರತ್ತೂ ಇಲ್ಲದೆ ಹೊಳೆಪ್ಪನಿಗೆ ಸಹಿ ಕೊಡಲು ತಾನಾಗಿ ಮುಂದೆ ಬಂದವನು ಅವನೊಬ್ಬನೇ.

"ಕೊಡ್ರಿ ಧಣ್ಯಾರ" ಎಂದು ಕೈ ಚಾಚಿದ. "ಹೆಬ್ಬಟ್ಟಿನ ಶಾಯಿ ಇನ್ನೂ ಆರಿಲ್ರಿ. ಎಲ್ಲಿ ಒತ್ತಲಿ?"